ಬ್ರಿಸ್ಬೇನ್ ಮಾರ್ಗವಾಗಿ ಡ್ಯುನೆಡಿನ್

ಭಾರತ ಪರದೇಶದಲ್ಲಿ ಟೆಸ್ಟ್ ಸರಣಿ ಗೆಲ್ಲಲು ಶುರು ಮಾಡಿದ್ದು ಯಾವಾಗ? ಕ್ರಿಕೆಟ್ ಬಲ್ಲವರನ್ನೇ ಕೇಳಿ ನೋಡಿ, ಬಹಳಷ್ಟು ಮಂದಿ ಯೋಚಿಸದೆ 1971 ಎನ್ನುತ್ತಾರೆ. ವೆಸ್ಟ್ ಇಂಡೀಸ್‌ನಲ್ಲಿ ಗಾವಸ್ಕರ್ ಹೊಡೆದ 774 ರನ್, ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್‌ಗೆ ಕಿತ್ತ ಆರು ವಿಕೆಟ್, ವಾಡೇಕರ್ ತಂಡಕ್ಕೆ ಸಿಕ್ಕ ಸ್ವಾಗತ ಎಲ್ಲವೂ ಬಾಯಿಪಾಠ. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1968ರ ಫೆಬ್ರುವರಿ 20ರಂದು, ನ್ಯೂಜಿಲೆಂಡ್‌ನ ದಕ್ಷಿಣದ ಚಳಿಯೂರು ಡ್ಯುನೆಡಿನ್‌ನಲ್ಲಿ ಭಾರತ ಹೊರದೇಶದ ತನ್ನ ಮೊದಲ ಟೆಸ್ಟ್ ಗೆದ್ದಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಸರಣಿಯನ್ನೂ 3–1ರಿಂದ ಗೆದ್ದಿತು. ಆ ಗೆಲುವಿನ ನಡುಗಂಬ ಬೆಂಗಳೂರಿನವರು, ಎರಪಳ್ಳಿ ಪ್ರಸನ್ನ.

ಇದು ನೆನಪಿನಿಂದ ಜಾರಿದ್ದಕ್ಕೆ ಕಾರಣಗಳಿವೆ. ಎದುರಾಳಿ ನ್ಯೂಜಿಲೆಂಡ್, ಅದುವರೆಗೆ ಮೂರೇ ಟೆಸ್ಟ್ ಗೆದ್ದಿದ್ದ ತಂಡ. ಟೆಲಿವಿಷನ್ ಆಗಿನ್ನೂ ದೆಹಲಿ ದಾಟಿರಲಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದಿದ್ದುದರಿಂದ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ದಿನದಾಟವೇ ಮುಗಿದಿರುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದೇ ಪ್ರವಾಸದ ಮೊದಲರ್ಧದಲ್ಲಿ ಇದೇ ತಂಡ ಆಸ್ಟ್ರೇಲಿಯಾದಲ್ಲಿ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತಿತ್ತು. ನಾಲ್ಕು ಸೋತು ಮೂರು ಗೆದ್ದವರಿಗೆ ಹಾರ ಹಾಕುವವರು ಯಾರು?

ನನ್ನ ತಕರಾರು ಇಲ್ಲೇ. ಆ ನಾಲ್ಕು ಸೋಲು, ಮೂರು ಗೆಲುವನ್ನು ಎರಡು ಖಾತೆಗಳಲ್ಲಿ ಬರೆಯಬಾರದು. 1967ರ ಡಿಸೆಂಬರ್ 23ಕ್ಕೆ ಅಡಿಲೇಡ್‌ನಲ್ಲಿ ಶುರುವಾಗಿ 1968ರ ಮಾರ್ಚ್ 12ಕ್ಕೆ ಆಕ್ಲೆಂಡ್‌ನಲ್ಲಿ ಮುಗಿದ ಎಂಟು ಟೆಸ್ಟ್‌ಗಳದು ಒಂದೇ ಕಥೆ. ಎರಡನೆಯ ಭಾಗದಲ್ಲಿ ಬಂದದ್ದೆಲ್ಲ ಮೊದಲ ಭಾಗದ ಗಳಿಕೆ.

ಆ ತಂಡ ಹೊರಟಾಗ ಬೆನ್ನ ಮೇಲಿದ್ದ ಹೊರೆ ಸಣ್ಣದಲ್ಲ. 1932ರಿಂದ ಹೊರಗೆ ಆಡುತ್ತಿದ್ದರೂ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. 1959ರಲ್ಲಿ ಇಂಗ್ಲೆಂಡ್‌ನಲ್ಲಿ 0–5, 1962ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ 0–5. 1967ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನಲ್ಲಿ 0–3. ಆ ಇಂಗ್ಲೆಂಡ್ ಪ್ರವಾಸದ ಎಜ್‌ಬಾಸ್ಟನ್ ಟೆಸ್ಟ್‌ನಲ್ಲಿ ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರನ್ನೂ ಒಟ್ಟಿಗೆ ಇಳಿಸಲಾಗಿತ್ತು. ಆ ನಾಲ್ವರು ಒಂದೇ ಟೆಸ್ಟ್‌ನಲ್ಲಿ ಆಡಿದ್ದು ಅದೊಂದೇ ಸಲ, ಅದೂ ಸೋಲು. ಸ್ಪಿನ್ ನಮ್ಮ ಮನೆಯ ಮಾಲು, ಗಡಿ ದಾಟಿದರೆ ಬೆಲೆಯಿಲ್ಲ ಎಂಬುದು ಆಗಿನ ಸಾಮಾನ್ಯ ತೀರ್ಮಾನ.

ಅಡಿಲೇಡ್‌ನಲ್ಲಿ ನಾಯಕ ಪಟೌಡಿ ಗಾಯಾಳು. ಬೋರ್ಡೆ ತಂಡವನ್ನು ಮುನ್ನಡೆಸಿದರು. ಮೊದಲ ಟೆಸ್ಟ್ ಆಡುತ್ತಿದ್ದ ಆಬಿದ್ ಅಲಿ 55ಕ್ಕೆ 6 ವಿಕೆಟ್ ಪಡೆದರೂ 146 ರನ್ ಸೋಲು. ಮೆಲ್ಬರ್ನ್‌ನ ಮೊದಲ ಬೆಳಿಗ್ಗೆ ಮೆಕೆಂಜಿ ದಾಳಿಗೆ 25 ರನ್‌ಗೆ ಐದು ವಿಕೆಟ್ ಬಿದ್ದವು. ಆಗ ಬಂದವರು ಪಟೌಡಿ. ಬಲಗಣ್ಣಿನ ದೃಷ್ಟಿ 1961ರ ಕಾರು ಅಪಘಾತದಲ್ಲೇ ಹೋಗಿತ್ತು. ಈಗ ತೊಡೆಯ ಸ್ನಾಯು ಸೆಳೆದು ಒಂದು ಕಾಲೂ ಮಾತು ಕೇಳುತ್ತಿರಲಿಲ್ಲ. ಅಂಥ ಸ್ಥಿತಿಯಲ್ಲಿ 75 ಮತ್ತು 85. ಪಂದ್ಯ ಇನಿಂಗ್ಸ್ ಮತ್ತು ನಾಲ್ಕು ರನ್‌ಗಳಿಂದ ಹೋಯಿತು. ಚಂದ್ರಶೇಖರ್ ಅವರ ಪ್ರವಾಸವೂ ಗಾಯದಿಂದಾಗಿ ಅಲ್ಲಿಗೇ ಮುಗಿಯಿತು. ಇಬ್ಬರು ಮೈಸೂರು ಸ್ಪಿನ್ನರ್‌ಗಳಲ್ಲಿ ಉಳಿದವರು ಒಬ್ಬರು.

ಬ್ರಿಸ್ಬೇನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲು ಪ್ರವಾಸದ ತಂಡಕ್ಕೇ ಆಯ್ಕೆಯಾಗದೆ, ನಡುವೆ ಬದಲಿ ಆಟಗಾರನಾಗಿ ಕರೆ ಬಂದು ವಿಮಾನ ಹತ್ತಿದ ಹೈದರಾಬಾದಿನ ಜೈಸಿಂಹ, ಸರಿಯಾದ ಅಭ್ಯಾಸವೂ ಇಲ್ಲದೆ ಪ್ಯಾಡ್ ಕಟ್ಟಿದರು. ಮೊದಲ ಇನಿಂಗ್ಸ್‌ನಲ್ಲಿ 74. ಆಸ್ಟ್ರೇಲಿಯಾಕ್ಕೆ ಭರ್ತಿ ನೂರು ರನ್ ಮುನ್ನಡೆ. ಎರಡನೆಯ ಇನಿಂಗ್ಸ್‌ನಲ್ಲಿ ಪ್ರಸನ್ನ 104ಕ್ಕೆ 6 ವಿಕೆಟ್ ತೆಗೆದು ಅವರನ್ನು 294ಕ್ಕೆ ಕಟ್ಟಿಹಾಕಿದರು. ಗೆಲ್ಲಲು 395. ನಾಲ್ಕನೆಯ ಇನಿಂಗ್ಸ್‌ನಲ್ಲಿ ಅಷ್ಟು ರನ್ ಬೆನ್ನಟ್ಟುವ ಯೋಚನೆಯನ್ನೇ ಆಗಿನ ಭಾರತ ತಂಡ ಮಾಡುತ್ತಿರಲಿಲ್ಲ. ಈ ಸಲ ಮಾಡಿತು. ಸೂರ್ತಿ 64, ಬೋರ್ಡೆ 63, ಜೈಸಿಂಹ 101. ಕೊನೆಗೆ 355ಕ್ಕೆ ನಿಂತಿತು, ಕೊರತೆ 39 ರನ್. ಸ್ಕೋರ್‌ಪಟ್ಟಿಯಲ್ಲಿ ಸೋಲು ಸೋಲೇ. ಆದರೆ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ ಎರಡು ಸಲ ಆಲೌಟ್ ಮಾಡಬಹುದು, ದೊಡ್ಡ ಮೊತ್ತವನ್ನು ಬೆನ್ನಟ್ಟಲೂಬಹುದು ಎಂದು ಕಂಡುಕೊಂಡ ತಂಡ ಅಲ್ಲಿಂದ ಹೊರಟಿತು. 2021ರ ಜನವರಿಯಲ್ಲಿ ರಿಷಭ್ ಪಂತ್ ಬೌಂಡರಿ ಹೊಡೆದು ಗೆಲ್ಲಿಸಿದ್ದು ಇದೇ ಗಾಬಾ ಮೈದಾನದಲ್ಲಿ. ಆ ದಿನ ಟೀವಿ ಮುಂದೆ ಕಣ್ಣೊರೆಸಿಕೊಂಡವರೆಲ್ಲ ಒಮ್ಮೆ ಜೈಸಿಂಹರನ್ನೂ ನೆನೆಯಬೇಕಿತ್ತು. ಸಿಡ್ನಿಯಲ್ಲಿ ಮತ್ತೆ ಸೋಲು, ಅದರ ವಿವರ ಬೇಡ.

ಈಗ ಪ್ರಸನ್ನ. ಆಸ್ಟ್ರೇಲಿಯಾದ ನಾಲ್ಕು ಟೆಸ್ಟ್‌ಗಳಲ್ಲಿ ಅವರಿಗೆ 25 ವಿಕೆಟ್. ನಾಲ್ಕೂ ಸೋತ ತಂಡದ ಆಫ್‌ಸ್ಪಿನ್ನರ್‌ಗೆ, ಅದೂ ಗಟ್ಟಿ ನೆಲದ ಪಿಚ್‌ಗಳಲ್ಲಿ! ಈ ಮನುಷ್ಯ 1962ರಲ್ಲಿ ಎರಡು ಟೆಸ್ಟ್ ಆಡಿ, ಎಂಜಿನಿಯರಿಂಗ್ ಓದು ಮುಗಿಸಲು ಮೈಸೂರಿಗೆ ಮರಳಿದ್ದವರು. ಮುಂದಿನ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಕೈಗೆ ಬಂದ ಟೆಸ್ಟ್ ಟೋಪಿಯನ್ನು ಐದು ವರ್ಷ ಗೂಟಕ್ಕೆ ನೇತುಹಾಕಿ ಡಿಗ್ರಿ ಪಡೆದವರು ಎಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ.

ಅವರ ಬೌಲಿಂಗನ್ನು ಹತ್ತಿರದಿಂದ ನೋಡೋಣ. ಗುಂಡಗಿನ ಗಿಡ್ಡ ದೇಹ, ಕೆಲವೇ ಹೆಜ್ಜೆಗಳ ಓಟ. ಚೆಂಡು ಕೈಬಿಟ್ಟ ಮೇಲೆ ಬ್ಯಾಟ್ಸ್‌ಮನ್‌ನ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗುತ್ತದೆ. ಸಾಲ ಕೊಡಲು ಬಂದವನಂತೆ ಮೇಲೇರುವ ಆ ಚೆಂಡು ಬಡ್ಡಿ ಕೇಳುವುದು ಇಳಿಯುವಾಗ. ಮುಂದಕ್ಕೆ ಬಂದು ಹೊಡೆಯಬಹುದು ಎಂದು ಬ್ಯಾಟ್ಸ್‌ಮನ್ ಕಾಲು ಚಾಚಿದ ಮೇಲೆ, ಅವನು ಅಂದಾಜಿಸಿದ ಜಾಗಕ್ಕಿಂತ ಒಂದು ಗೇಣು ಮೊದಲೇ ನೆಲ ಮುಟ್ಟುತ್ತದೆ. ಬ್ಯಾಟು ಆಗಲೇ ಮುಂದಿದೆ, ಹಿಂದಕ್ಕೆ ಎಳೆದುಕೊಳ್ಳಲಾಗದು. ಅಲ್ಲಿಂದ ಚೆಂಡು ಒಳಕ್ಕೆ ತಿರುಗಿದರೆ ಬ್ಯಾಟು–ಪ್ಯಾಡಿನ ನಡುವೆ ಬಾಗಿಲು ತೆರೆದಿರುತ್ತದೆ, ತಿರುಗದೆ ನೇರ ಹೋದರೆ ಸ್ಲಿಪ್‌ನವನಿಗೆ ಕೆಲಸ. ಪಿಚ್ ತಿರುವು ಕೊಟ್ಟರೆ ಒಳ್ಳೆಯದೇ, ಕೊಡದಿದ್ದರೂ ಚಿಂತೆಯಿಲ್ಲ, ಏಕೆಂದರೆ ವಂಚನೆ ನಡೆಯುವುದು ಗಾಳಿಯಲ್ಲಿ. ಪರದೇಶದಲ್ಲಿ ಸ್ಪಿನ್ ನಡೆಯದು ಎಂದವರು ಲೆಕ್ಕ ಹಾಕಿದ್ದು ಪಿಚ್ಚನ್ನು ಮಾತ್ರ. ಗಾಳಿಗೆ ಪಾಸ್‌ಪೋರ್ಟ್ ಬೇಕಿಲ್ಲ ಎಂದು ತೋರಿಸಿದವರು ಪ್ರಸನ್ನ.

ಡ್ಯುನೆಡಿನ್‌ನ ಕ್ಯಾರಿಸ್‌ಬ್ರೂಕ್ ಮೈದಾನ ಈಗ ಉಳಿದಿಲ್ಲ. ಅಲ್ಲಿ ಗ್ರಹಾಂ ಡೌಲಿಂಗ್ ಶತಕ ಹೊಡೆದು ನ್ಯೂಜಿಲೆಂಡ್ 350 ಮಾಡಿತು. ಉತ್ತರವಾಗಿ ಭಾರತದ ಬ್ಯಾಟಿಂಗ್ ಬಾಲಕ್ಕೆ ಬಂದು ನಿಂತಾಗ ಹಿನ್ನಡೆ ಖಚಿತ ಅನಿಸಿತ್ತು. ಆಗ ಡಿಕ್ ಮೋಟ್ಜ್ ಎಸೆದ ಚೆಂಡು ರಮಾಕಾಂತ್ ದೇಸಾಯಿ ಅವರ ದವಡೆಗೆ ಬಡಿಯಿತು. ಮೂಳೆ ಮುರಿದಿತ್ತು. ಹೆಲ್ಮೆಟ್ ಇಲ್ಲದ ಕಾಲ, ಮೊದಲೇ ಕುಳ್ಳಗಿನ ಸಣಕಲು ವೇಗಿ. ಹೊರಗೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ದೇಸಾಯಿ ನಿಂತರು. ಎದುರು ತುದಿಯಲ್ಲಿದ್ದವರು ಬಿಷನ್ ಸಿಂಗ್ ಬೇಡಿ, ಬ್ಯಾಟಿಂಗ್‌ನಲ್ಲಿ ಯಾರೂ ನಂಬದ ಆಸಾಮಿ. ಇಬ್ಬರೂ ಸೇರಿ ಕೊನೆಯ ವಿಕೆಟ್‌ಗೆ 57 ರನ್ ಕೂಡಿಸಿದರು. ಹಿನ್ನಡೆಯಾಗಬೇಕಾದದ್ದು ಒಂಬತ್ತು ರನ್ ಮುನ್ನಡೆಯಾಯಿತು. ಆಮೇಲೆ ಪ್ರಸನ್ನ, 94ಕ್ಕೆ 6. ಗೆಲ್ಲಲು ಬೇಕಿದ್ದ 200ರ ಬೆನ್ನು ಹತ್ತಿ ವಾಡೇಕರ್ 71 ಹೊಡೆದರು, ಐದು ವಿಕೆಟ್ ಗೆಲುವು. ಪರದೇಶದಲ್ಲಿ ಮೊದಲ ಟೆಸ್ಟ್ ಗೆಲ್ಲಲು ಭಾರತಕ್ಕೆ ಮೂವತ್ತಾರನೆಯ ವರ್ಷ ಬೇಕಾಯಿತು.

ಎರಡೇ ದಿನಕ್ಕೆ ಶುರುವಾದ ಕ್ರೈಸ್ಟ್‌ಚರ್ಚ್ ಟೆಸ್ಟ್‌ನಲ್ಲಿ ಡೌಲಿಂಗ್ 239 ಹೊಡೆದು ಸರಣಿ ಸಮ ಮಾಡಿದರು. ಹಳೆಯ ಭಾರತ ತಂಡವಾಗಿದ್ದರೆ ಕಥೆ ಅಲ್ಲಿಗೆ ಮುಗಿದಿರುತ್ತಿತ್ತು. ಆದರೆ ಗಾಳಿಗೆ ಹೆಸರಾದ ವೆಲಿಂಗ್ಟನ್‌ನಲ್ಲಿ ಪ್ರಸನ್ನ 32ಕ್ಕೆ 5, ವಾಡೇಕರ್ 143. ಅಷ್ಟು ಸೊಗಸಿನ ಎಡಗೈ ಆಟಗಾರನ ಟೆಸ್ಟ್ ಜೀವನದ ಏಕೈಕ ಶತಕ ಇದು ಎಂಬುದು ಈಗಲೂ ನನಗೆ ಅರಗದ ಸಂಗತಿ. ಎರಡನೆಯ ಇನಿಂಗ್ಸ್‌ನಲ್ಲಿ ರನ್ ಕೊಡದ ಜಿಪುಣ ಬಾಪು ನಾಡಕರ್ಣಿ 43ಕ್ಕೆ 6 ತೆಗೆದರು. ಎಂಟು ವಿಕೆಟ್ ಗೆಲುವು. ಆಕ್ಲೆಂಡ್‌ನಲ್ಲಿ 272 ರನ್ ಗೆಲುವು, ಅಲ್ಲಿ ಸೂರ್ತಿ 99ಕ್ಕೆ ಔಟಾದದ್ದೊಂದೇ ಬೇಸರ. ನ್ಯೂಜಿಲೆಂಡ್‌ನಲ್ಲಿ ಪ್ರಸನ್ನ 24 ವಿಕೆಟ್ ಪಡೆದರು. ಇಡೀ ಪ್ರವಾಸದ ಎಂಟು ಟೆಸ್ಟ್‌ಗಳಲ್ಲಿ 49.

ಈ ಗೆಲುವಿನಲ್ಲಿ ಪಟೌಡಿಯ ಪಾಲು ರನ್‌ಗಳಲ್ಲಿ ಕಾಣುವುದಿಲ್ಲ. ಹಸಿರು ಪಿಚ್, ತಂಪು ಹವೆ ಇದ್ದರೆ ವೇಗದ ಬೌಲರ್‌ಗಳನ್ನು ತುಂಬಬೇಕು ಎಂಬುದು ಪುಸ್ತಕದ ಮಾತು. ಇಲ್ಲದ ವೇಗವನ್ನು ಇದೆಯೆಂದು ನಟಿಸುವುದಕ್ಕಿಂತ, ಇರುವ ಸ್ಪಿನ್ನನ್ನೇ ನೆಚ್ಚೋಣ ಎಂದು ಅವರು ಪ್ರಸನ್ನ, ಬೇಡಿ, ನಾಡಕರ್ಣಿ ಕೈಗೆ ಚೆಂಡು ಕೊಟ್ಟರು. 1971ರಲ್ಲಿ ವಾಡೇಕರ್ ನಡೆದದ್ದು ಇದೇ ದಾರಿಯಲ್ಲಿ. ನಾಯಕತ್ವ ಮಾತ್ರ ಅಷ್ಟರಲ್ಲಿ ಪಟೌಡಿಯ ಕೈ ತಪ್ಪಿತ್ತು.

ಪ್ರಸನ್ನರ ಪಾಲಿಗೆ 1971 ಇನ್ನೂ ವಿಚಿತ್ರ. ತಂಡದ ಉಪನಾಯಕ ವೆಂಕಟರಾಘವನ್, ಅವರೂ ಆಫ್‌ಸ್ಪಿನ್ನರ್. ಇಂಗ್ಲೆಂಡ್‌ನ ಮೂರೂ ಟೆಸ್ಟ್‌ಗಳಲ್ಲಿ ಪ್ರಸನ್ನ ಹೊರಗೆ ಕೂತರು. ಹೊರದೇಶದಲ್ಲಿ ಸ್ಪಿನ್ ಗೆಲ್ಲಿಸುತ್ತದೆ ಎಂದು ತೋರಿಸಿಕೊಟ್ಟವರು ಆ ಮಾತು ಇಂಗ್ಲೆಂಡ್‌ನಲ್ಲಿ ನಿಜವಾದಾಗ ಪೆವಿಲಿಯನ್‌ನಲ್ಲಿದ್ದರು. ವೆಂಕಟ್ ಸಾಮಾನ್ಯ ಬೌಲರ್ ಅಲ್ಲ, ಬ್ಯಾಟಿಂಗ್, ಫೀಲ್ಡಿಂಗ್‌ನಲ್ಲಿ ಪ್ರಸನ್ನರಿಗಿಂತ ಮೇಲು. ಆದರೂ ಆಫ್‌ಸ್ಪಿನ್ ಒಂದನ್ನೇ ತೂಗಿದರೆ ನನ್ನ ತಕ್ಕಡಿ ಪ್ರಸನ್ನರ ಕಡೆಗೇ ಬಾಗುತ್ತದೆ. ಇದನ್ನು ಬೆಂಗಳೂರಿನ ಪಕ್ಷಪಾತ ಎನ್ನುವವರಿಗೆ 1976ರ ಜನವರಿಯ ಆಕ್ಲೆಂಡ್ ಟೆಸ್ಟ್ ತೋರಿಸುತ್ತೇನೆ. ಎಂಟು ವರ್ಷದ ಬಳಿಕ ಅದೇ ಈಡನ್ ಪಾರ್ಕ್‌ಗೆ ಮರಳಿದ ಪ್ರಸನ್ನ ಒಂದೇ ಇನಿಂಗ್ಸ್‌ನಲ್ಲಿ 76ಕ್ಕೆ 8 ಪಡೆದರು. ಮೊದಲ ಇನಿಂಗ್ಸ್‌ನ ಆರು ವಿಕೆಟ್ ಚಂದ್ರಶೇಖರ್ ಅವರದು. ವಿಕೆಟ್ ಹಿಂದೆ ಮೊದಲ ಟೆಸ್ಟ್ ಆಡುತ್ತಿದ್ದವರು ಕಿರ್ಮಾನಿ. ಕರ್ನಾಟಕ ಕ್ರಿಕೆಟ್‌ಗೆ ಹೊರನಾಡಲ್ಲಿ ಅದಕ್ಕಿಂತ ಒಳ್ಳೆಯ ದಿನಗಳು ಹೆಚ್ಚು ಸಿಕ್ಕಿಲ್ಲ.

1968ರ ಸಾಧನೆ ಎಷ್ಟು ದೊಡ್ಡದೆಂದು ಆಮೇಲಿನ ವರ್ಷಗಳು ಹೇಳುತ್ತವೆ. ನ್ಯೂಜಿಲೆಂಡ್‌ನಲ್ಲಿ ಮತ್ತೊಂದು ಟೆಸ್ಟ್ ಸರಣಿ ಗೆಲ್ಲಲು ಭಾರತ 2009ರವರೆಗೆ ಕಾಯಿತು, ಅದೂ 1–0. ಹೊರದೇಶದ ಒಂದೇ ಸರಣಿಯಲ್ಲಿ ಮೂರು ಟೆಸ್ಟ್ ಮತ್ತೆ ಗೆದ್ದದ್ದು 2017ರಲ್ಲಿ, ಶ್ರೀಲಂಕಾದಲ್ಲಿ. ಗಾವಸ್ಕರ್, ಕಪಿಲ್, ತೆಂಡೂಲ್ಕರ್, ಕುಂಬ್ಳೆ, ದ್ರಾವಿಡ್ ಇದ್ದ ತಂಡಗಳಿಗೂ ಕೈಗೂಡದ ಲೆಕ್ಕ ಅದು.

ಈಗಿನ ತಂಡಗಳಿಗೆ ಪ್ರತಿಭೆ ಕಡಿಮೆಯೇನಿಲ್ಲ. ಕಡಿಮೆಯಿರುವುದು ದಿನಗಳು. ಆಗ ಟೆಸ್ಟ್‌ಗಳ ನಡುವೆ ರಾಜ್ಯ ತಂಡಗಳ ಜೊತೆ ಪಂದ್ಯಗಳಿದ್ದವು. ಅಲ್ಲಿ ಸೋತರೆ ದೇಶ ಮುಳುಗುತ್ತಿರಲಿಲ್ಲ. ಯಾವ ಪಿಚ್‌ನಲ್ಲಿ ಚೆಂಡನ್ನು ಎಷ್ಟು ಮೇಲೆ ಬಿಡಬೇಕೆಂದು ಬೌಲರ್ ಪೆಟ್ಟು ತಿಂದು ಕಲಿಯಬಹುದಿತ್ತು. 2024ರಲ್ಲಿ ಭಾರತ ಆಸ್ಟ್ರೇಲಿಯಾದ ಒಂದೇ ಒಂದು ರಾಜ್ಯ ತಂಡದೊಡನೆಯೂ ಆಡದೆ ನೇರ ಪರ್ತ್ ಟೆಸ್ಟ್‌ಗೆ ಇಳಿಯಿತು. ಗೆದ್ದರಲ್ಲ ಎನ್ನುತ್ತೀರಿ. ಹೌದು, 295 ರನ್‌ಗಳಿಂದ ಗೆದ್ದರು. ಐದು ಟೆಸ್ಟ್ ಮುಗಿದಾಗ ಸರಣಿ 1–3. ಒಂದು ಪಂದ್ಯ ಬುಮ್ರಾನಂಥವರ ತೋಳಿನಿಂದ ಬರಬಹುದು, ಸರಣಿ ಬರುವುದು ಕಲಿಯಲು ಸಿಕ್ಕ ದಿನಗಳಿಂದ.

ಇನ್ನು ಮುಂದೆ ಭಾರತದ ಪ್ರವಾಸದ ವೇಳಾಪಟ್ಟಿ ಪ್ರಕಟವಾದಾಗ ಟೆಸ್ಟ್‌ಗಳ ತಾರೀಕು ಗುರುತು ಹಾಕುವ ಮೊದಲು, ಮೊದಲ ಟೆಸ್ಟ್‌ಗೆ ಮುಂಚೆ ಎಷ್ಟು ನಾಲ್ಕು ದಿನಗಳ ಪಂದ್ಯಗಳಿವೆ ಎಂದು ನೋಡಿ. ಎರಡಾದರೂ ಇದ್ದರೆ ಅಲಾರಂ ಇಟ್ಟು ಬೆಳಗಿನ ಜಾವ ಏಳಿ. ಒಂದೂ ಇಲ್ಲದಿದ್ದರೆ ಕ್ರಿಕೆಟ್ ಮಂಡಳಿಗೆ ಒಂದು ಪತ್ರ ಬರೆಯಿರಿ. ನಾನೂ ಬರೆಯುತ್ತೇನೆ.