ಮೂವತ್ತೈದು ಡಾಲರಿನ ರೈಟ್ ಮಾರ್ಕು

ಮೂವತ್ತು ವರ್ಷಗಳಿಂದ ನಾನು ಕೆಂಪು ಶಾಯಿಯಲ್ಲಿ ರೈಟ್ ಮಾರ್ಕು ಹಾಕುತ್ತ ಬಂದವಳು. ಪರೀಕ್ಷೆಯ ದಿನಗಳಲ್ಲಿ ಒಂದು ಸಂಜೆಗೆ ಕಡಿಮೆಯೆಂದರೂ ಐನೂರು ಹಾಕಿರುತ್ತೇನೆ. ಅದಕ್ಕೇ ಇರಬೇಕು, ಮಕ್ಕಳ ಬೂಟಿನ ಪಕ್ಕದಲ್ಲಿ, ಟೀ ಶರ್ಟಿನ ಎದೆಯ ಮೇಲೆ, ಬ್ಯಾಗಿನ ಮೇಲೆ ಕಾಣುವ ನೈಕಿ ಕಂಪೆನಿಯ ಗುರುತು ನನಗೆ ಮೊದಲಿನಿಂದಲೂ ನಮ್ಮವರದೇ ಅನ್ನಿಸುತ್ತದೆ. ಬಲಗಡೆಗೆ ಬಾಲ ಎಳೆದ ದಪ್ಪನೆಯ ಒಂದು ರೈಟ್ ಮಾರ್ಕು, ಅಷ್ಟೆ. ಅದನ್ನು ಬರೆದುಕೊಟ್ಟದ್ದು ಒಬ್ಬ ವಿದ್ಯಾರ್ಥಿನಿ, ಅದಕ್ಕೆ ಆಕೆಗೆ ಸಿಕ್ಕಿದ್ದು 35 ಡಾಲರ್ ಎಂಬ ಕಥೆಯನ್ನು ನೀವೂ ಕೇಳಿರಬಹುದು.

ಈ ಕಥೆ ಹೇಳುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು "ಅಯ್ಯೋ ಪಾಪ, ಮೋಸ ಹೋದಳು" ಎನ್ನುತ್ತಾರೆ. ಇನ್ನೊಂದು ಪಂಗಡದವರು "ಒಂದು ಗೀಟು ಎಳೆಯುವುದಕ್ಕೆ ಅದೇ ಹೆಚ್ಚಾಯಿತು" ಎನ್ನುತ್ತಾರೆ. ಪೇಪರು ತಿದ್ದುವವಳಾಗಿ ಹೇಳುವುದಾದರೆ ಈ ಎರಡು ಉತ್ತರಗಳಿಗೂ ಪೂರ್ತಿ ಅಂಕ ಕೊಡಲು ಬರುವುದಿಲ್ಲ. ಎರಡರಲ್ಲೂ ಉತ್ತರ ಇದೆ, ವಿಧಾನ ಇಲ್ಲ. ಆ ಗೆರೆ ಹೇಗೆ ಹುಟ್ಟಿತು ಎಂಬುದನ್ನು ಬಿಟ್ಟು ಅದರ ಬೆಲೆಯನ್ನಷ್ಟೇ ಮಾತಾಡಿದರೆ ಏನು ಬಂತು?

ನಡೆದದ್ದು ಇಷ್ಟು. ಕ್ಯಾರೊಲಿನ್ ಡೇವಿಡ್ಸನ್ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದರು. ಅಲ್ಲೇ ಅಕೌಂಟ್ಸ್ ಪಾಠ ಹೇಳುತ್ತಿದ್ದ ಫಿಲ್ ನೈಟ್, ಜೊತೆಯಲ್ಲಿ ಬ್ಲೂ ರಿಬ್ಬನ್ ಸ್ಪೋರ್ಟ್ಸ್ ಎಂಬ ಬೂಟಿನ ವ್ಯಾಪಾರವನ್ನೂ ನಡೆಸುತ್ತಿದ್ದರು. ತೈಲವರ್ಣದ ತರಗತಿಗೆ ಬೇಕಾದ ಸಾಮಾನು ಕೊಳ್ಳಲು ದುಡ್ಡಿಲ್ಲ ಎಂದು ಈ ಹುಡುಗಿ ಯಾರೊಡನೆಯೋ ಹೇಳುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಗಂಟೆಗೆ 2 ಡಾಲರಿನಂತೆ ತಮ್ಮ ವ್ಯಾಪಾರದ ಚಾರ್ಟು, ಗ್ರಾಫುಗಳನ್ನು ಬರೆಯುವ ಕೆಲಸ ಕೊಟ್ಟರು. 1971ರಲ್ಲಿ ಅವರು ತಮ್ಮದೇ ಹೆಸರಿನ ಬೂಟು ತರಲು ಹೊರಟಾಗ, ಅದರ ಪಕ್ಕಕ್ಕೊಂದು ಪಟ್ಟಿ ಬೇಕಾಯಿತು. ಕೇಳಿದ್ದು ಎರಡೇ ಮಾತು: ನೋಡಿದರೆ ಓಟ ಕಾಣಬೇಕು, ಅಡಿಡಾಸ್‌ನ ಮೂರು ಪಟ್ಟಿಯಂತೆ ಇರಬಾರದು.

ಆಕೆ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಖಾಲಿ ಹಾಳೆಯ ಮೇಲೆ ಅಂದವಾದ ಚಿತ್ರ ಬರೆಯಲು ಕೂರಲಿಲ್ಲ. ಬೂಟಿನ ಚಿತ್ರವನ್ನು ಬರೆದಿಟ್ಟುಕೊಂಡು, ಅದರ ಮೇಲೆ ತೆಳುವಾದ ಟಿಶ್ಯೂ ಕಾಗದ ಹಾಸಿ, ಒಂದೊಂದು ಯೋಚನೆಯನ್ನೂ ಅಲ್ಲೇ ಬರೆದು ನೋಡಿದರು. ಕಸೂತಿ ಹಾಕುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಪುಸ್ತಕದಲ್ಲಿ ಚೆನ್ನಾಗಿ ಕಂಡ ನವಿಲು ರವಿಕೆಯ ತೋಳಿಗೆ ಬಂದಾಗ ಕತ್ತು ಸೊಟ್ಟಗಾಗುವುದುಂಟು. ಗುರುತು ಎಲ್ಲಿ ಕೂರಬೇಕೋ ಅಲ್ಲೇ ಇಟ್ಟು ನೋಡುವುದು ಅರ್ಧ ವಿದ್ಯೆ. ಹೀಗೆ ಹದಿನೇಳೂವರೆ ಗಂಟೆ ದುಡಿದು, ಹಲವು ನಮೂನೆ ತಂದು ತೋರಿಸಿದರು. ನೈಟ್ ಅವರಿಗೆ ಯಾವುದೂ ಮನಸ್ಸು ತುಂಬಲಿಲ್ಲ. ಇದನ್ನು ಪ್ರೀತಿಸಲಾರೆ, ನೋಡುತ್ತ ನೋಡುತ್ತ ಒಗ್ಗಬಹುದು ಎಂಬ ಅರ್ಥದ ಮಾತಾಡಿ ಒಂದನ್ನು ಆರಿಸಿದರು. ಬಿಲ್ಲು 35 ಡಾಲರ್.

ಈಗ ಆ ಗೆರೆಯನ್ನು ಗೆರೆಯಾಗಿಯೇ ನೋಡೋಣ. ಅದರಲ್ಲಿ ಓಡುವ ಮನುಷ್ಯನಿಲ್ಲ, ಬೂಟಿಲ್ಲ. ನೈಕಿ ಎಂದರೆ ಗ್ರೀಕರ ವಿಜಯದೇವತೆ. ಆ ದೇವತೆಯ ಮುಖವೂ ಇಲ್ಲ, ಹೆಚ್ಚೆಂದರೆ ರೆಕ್ಕೆಯ ನೆನಪು ಇದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು. ಆ ವ್ಯತ್ಯಾಸವೇ ಓಟ. ನನ್ನ ತರಗತಿಯ ಹುಡುಗರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದನ್ನು ನೋಡದೆಯೇ ಬರೆಯುತ್ತಾರೆ. ಮಗುವಿನ ಕೈಗೂ ನೆನಪಿರುವ ಗುರುತು, ಒಳ್ಳೆಯ ಗುರುತು. 1995ರ ಹೊತ್ತಿಗೆ ಕಂಪೆನಿಯವರು ಹೆಸರನ್ನೇ ತೆಗೆದು ಬರೀ ಗೆರೆಯನ್ನು ಉಳಿಸಿಕೊಂಡರು. ಹೆಸರಿನ ಊರುಗೋಲಿಲ್ಲದೆ ಅದು ನಿಂತಿತು.

ಇದರ ಪಕ್ಕದಲ್ಲಿ ನಮ್ಮ ಶಾಲೆಗಳ ಲಾಂಛನಗಳನ್ನು ಇಟ್ಟು ನೋಡಿ. ಹುಟ್ಟುವ ಸೂರ್ಯ, ಉರಿಯುವ ದೀಪ, ತೆರೆದ ಪುಸ್ತಕ, ತಾವರೆ, ಹಂಸ, ಕೆಳಗೊಂದು ಸಂಸ್ಕೃತ ವಾಕ್ಯ, ಸಾಲದ್ದಕ್ಕೆ ಸ್ಥಾಪನೆಯ ವರ್ಷ. ಆಡಳಿತ ಮಂಡಳಿಯ ಪ್ರತಿಯೊಬ್ಬರೂ ಒಂದೊಂದು ಸೇರಿಸಿದರೇನೋ ಎನ್ನಬೇಕು. ಗೋಡೆಯ ಮೇಲೆ ದೊಡ್ಡದಾಗಿ ಬರೆದಾಗ ಪರವಾಗಿಲ್ಲ. ಮಕ್ಕಳ ಬೆಲ್ಟಿನ ಬಕಲಿಗೆ ಇಳಿದಾಗ ಅದೊಂದು ಮಸಿಯ ಉಂಡೆ. ಯಾವುದನ್ನೂ ಬಿಡಲು ಮನಸ್ಸಿಲ್ಲದಿದ್ದರೆ ಯಾವುದೂ ಕಾಣುವುದಿಲ್ಲ.

ಬಿಡುವ ಈ ಕೆಲಸ ಎಷ್ಟು ಕಷ್ಟ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಮದುವೆಯಾಗಿ ನಮ್ಮ ಊರಿಗೇ ಬಂದ ಮೇಲೆ ಅವಳು ಮನೆಯ ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸ್ವತಂತ್ರವಾಗಿ ಡಿಸೈನ್ ಕೆಲಸ ಮಾಡುತ್ತಾಳೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ಒಬ್ಬ ಹೆಂಗಸು ಅವಳ ಬಳಿ ಬಂದರು. ಪೊಟ್ಟಣದ ಮೇಲೆ ಅವರಿಗೆ ಅನ್ನಪೂರ್ಣೇಶ್ವರಿ ಬೇಕು, ತೆಂಗಿನ ಮರ ಬೇಕು, ಕರಿಬೇವು ಬೇಕು, ಕೈರುಚಿ ಕಲಿಸಿದ ಅತ್ತೆಯ ಫೋಟೋವೂ ಬೇಕು.

ಹುಡುಗಿ ಎರಡು ಮಧ್ಯಾಹ್ನ ಪೆನ್ಸಿಲನ್ನೇ ಮುಟ್ಟಲಿಲ್ಲ. ಬರೀ ಪ್ರಶ್ನೆ. ಯಾರು ಕೊಳ್ಳುತ್ತಾರೆ? ಅಂಗಡಿಯಲ್ಲಿ ಪೊಟ್ಟಣವನ್ನು ನೇತುಹಾಕುತ್ತಾರೋ, ಜೋಡಿಸಿಡುತ್ತಾರೋ? ಒಮ್ಮೆ ಕೊಂಡವರು ಮತ್ತೆ ಬಂದಾಗ ಏನೆಂದು ಕೇಳುತ್ತಾರೆ? ಈ ಕೊನೆಯ ಪ್ರಶ್ನೆಗೆ ಬಂದ ಉತ್ತರದಲ್ಲೇ ದಾರಿ ಸಿಕ್ಕಿತು. "ಒರಳಲ್ಲಿ ರುಬ್ತೀರಲ್ಲ, ಅವರದು ಕೊಡಿ ಅಂತಾರಮ್ಮ" ಎಂದರು ಆಕೆ. ಆಮೇಲೆ ಅಂಗಡಿಗಳನ್ನು ಸುತ್ತಿ ಉಳಿದವರ ಪೊಟ್ಟಣಗಳನ್ನು ನೋಡಿ ಬಂದಳು. ಎಲ್ಲದರ ಮೇಲೂ ಕೆಂಪು, ಹಳದಿ, ದೇವಿ. ಪುಟ್ಟ ಪುಟ್ಟ ಚೌಕಗಳಲ್ಲಿ ಮೂವತ್ತು ನಲವತ್ತು ನಮೂನೆ ಬರೆದಳು. ಎಲ್ಲವೂ ಕಪ್ಪು ಬಿಳುಪಿನಲ್ಲಿ. "ಬಣ್ಣ ಮೊದಲೇ ಹಾಕಿದ್ರೆ ಅದು ತಪ್ಪನ್ನ ಮುಚ್ಚಿಬಿಡುತ್ತೆ, ಮಿಸ್" ಎಂದಳು. ಹೆಬ್ಬೆರಳ ಉಗುರಿನಷ್ಟು ಕಿರಿದು ಮಾಡಿ ನೋಡಿದಳು, ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ದೂರ ನಿಂತು ನೋಡಿದಳು, ರಬ್ಬರ್ ಸ್ಟಾಂಪಿನಲ್ಲಿ ಒತ್ತಿದರೆ ಹೇಗೆ ಕಾಣುತ್ತದೆಂದು ನೋಡಿದಳು. ಕೊನೆಗೆ ಉಳಿದದ್ದು ಮೇಲಿನಿಂದ ನೋಡಿದ ಒರಳು ಮತ್ತು ಗುಂಡು. ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು.

ಹೆಸರು ಬರೆಯುವುದಕ್ಕೆ ಮತ್ತೆ ಮೂರು ದಿನ. ಇಂಗ್ಲಿಷ್ ಅಕ್ಷರಗಳು ಹೆಚ್ಚು ಕಡಿಮೆ ಒಂದೇ ನೆಲದ ಮೇಲೆ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಒತ್ತಕ್ಷರ ಕೆಳಗಿನ ಸಾಲಿಗೆ ತಗಲಬಾರದು, ಹಾಗೆಂದು ಅದನ್ನು ಕುಗ್ಗಿಸಿದರೆ ಮುದುಕರಿಗೆ ಓದಲಾಗದು. ಇವಳು ಒತ್ತಿನ ಕೊಂಬನ್ನೇ ಸುತ್ತಿನ ಅಂಚಿಗೆ ಹೊಂದಿಸಿದಳು. ಕೊನೆಯಲ್ಲಿ ಒಂದು ಹಾಳೆಯಲ್ಲಿ ನಿಯಮ ಬರೆದುಕೊಟ್ಟಳು: ಸುತ್ತಲೂ ಇಷ್ಟು ಜಾಗ ಬಿಡಬೇಕು, ಇವೇ ಎರಡು ಬಣ್ಣ, ಎಳೆದು ಉದ್ದ ಮಾಡಬಾರದು. ಪೊಟ್ಟಣದಿಂದ ಟೆಂಪೋವರೆಗೆ ಎಲ್ಲೆಡೆ ಒಂದೇ ಮುಖ ಕಾಣಬೇಕಲ್ಲ, ಅದಕ್ಕೆ.

ಆಕೆ ನೋಡಿದರು. "ಚೆನ್ನಾಗಿದೆ ಕಣಮ್ಮ, ಆದ್ರೆ ಎರಡು ಸುತ್ತು ಹಾಕೋದಕ್ಕೆ ಇಷ್ಟು ದುಡ್ಡಾ?" ಎಂದರು.

ಒಳ್ಳೆಯ ಹೆಂಗಸು, ದುರುದ್ದೇಶದ ಮಾತಲ್ಲ. ಆದರೆ ಹುಡುಗಿಯ ಮುಖ ಬಾಡಿತು. ಬಿಲ್ಲನ್ನು ಅರ್ಧ ಮಾಡಿಬಿಡಲೇ ಎಂದು ಸಂಜೆ ನನ್ನನ್ನು ಕೇಳಲು ಬಂದಳು. ಅವಳಿಗೆ ನಾನು ಹೇಳಿದ್ದು ಪಾಲ್ ರ‍್ಯಾಂಡ್ ಅವರ ವಿಷಯ.

ಪಾಲ್ ರ‍್ಯಾಂಡ್ ಅಮೆರಿಕದ ದೊಡ್ಡ ಡಿಸೈನರ್. ಅವರೂ ಸ್ವತಂತ್ರವಾಗಿ ಕೆಲಸ ಮಾಡಿದವರೇ. ಐಬಿಎಂ ಕಂಪೆನಿಗೆ 1956ರಲ್ಲಿ ಗುರುತು ಕೊಟ್ಟವರು. 1986ರಲ್ಲಿ ಆಪಲ್ ಬಿಟ್ಟು ಬಂದಿದ್ದ ಸ್ಟೀವ್ ಜಾಬ್ಸ್ ತಮ್ಮ ಹೊಸ ನೆಕ್ಸ್ಟ್ ಕಂಪೆನಿಗೆ ಲಾಂಛನ ಬೇಕೆಂದು ಅವರ ಬಳಿ ಹೋದರು. ನಾಲ್ಕಾರು ನಮೂನೆ ತೋರಿಸುತ್ತೀರಾ ಎಂದು ಜಾಬ್ಸ್ ಕೇಳಿದರೆ, ಎಪ್ಪತ್ತು ದಾಟಿದ ರ‍್ಯಾಂಡ್ ಒಪ್ಪಲಿಲ್ಲ. ನಿಮ್ಮ ಸಮಸ್ಯೆಯನ್ನು ಬಿಡಿಸಿಕೊಡುತ್ತೇನೆ, ಬೇಕಾದರೆ ಬಳಸಿ, ಬೇಡವಾದರೆ ಬಿಡಿ, ಹಣ ಮಾತ್ರ ಕೊಡಬೇಕು ಎಂದರಂತೆ. ಕೊಟ್ಟದ್ದು ಒಂದೇ ಒಂದು ಲಾಂಛನ: ಸ್ವಲ್ಪ ಓರೆಯಾಗಿ ನಿಂತ ಕಪ್ಪು ಪೆಟ್ಟಿಗೆ, ಅದರ ಮೇಲೆ ಬಣ್ಣದ ನಾಲ್ಕು ಅಕ್ಷರ. ಜೊತೆಗೆ, ಆ ತೀರ್ಮಾನಕ್ಕೆ ಹೇಗೆ ಬಂದೆ ಎಂದು ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ ಒಂದು ಪುಸ್ತಿಕೆ. ತೆಗೆದುಕೊಂಡದ್ದು 1,00,000 ಡಾಲರ್.

ಈ ಕಥೆಯನ್ನೂ ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಮೂವತ್ತು ವರ್ಷದ ಹೆಸರು ಬೆನ್ನಿಗಿದ್ದವರ ಬಾಯಲ್ಲಿ ಆ ಮಾತು ಒಪ್ಪುತ್ತದೆ. ಮಹಡಿ ಕೋಣೆಯ ಹುಡುಗಿ ಹಾಗೆಂದರೆ ಗಿರಾಕಿ ಎದ್ದು ಹೋಗುತ್ತಾರೆ. ಇನ್ನೊಂದು ಮಾತು: ಅಷ್ಟು ಸೊಗಸಾದ ಲಾಂಛನ ಕಂಪೆನಿಯನ್ನು ಕಾಪಾಡಲಿಲ್ಲ. 1993ರಲ್ಲಿ ನೆಕ್ಸ್ಟ್ ಕಂಪ್ಯೂಟರ್ ತಯಾರಿಸುವುದನ್ನೇ ನಿಲ್ಲಿಸಿತು. ಮುಂದೆ ಆಪಲ್ ಅದನ್ನು ಕೊಂಡುಕೊಂಡಿತು. ಅತ್ತ ಒಲ್ಲದ ಮನಸ್ಸಿನಿಂದ ಆರಿಸಿದ ರೈಟ್ ಮಾರ್ಕು ಲೋಕವನ್ನೇ ಸುತ್ತಿತು. ಗುರುತಿನ ಹಿಂದೆ ನಿಂತ ವಸ್ತುವೇ ಗುರುತಿಗೆ ಅರ್ಥ ತುಂಬುತ್ತದೆ ಎಂಬುದನ್ನು ಸ್ವತಃ ರ‍್ಯಾಂಡ್ ಬರೆದಿದ್ದಾರೆ. ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಶರಭವನ್ನೇ ನೋಡಿ. ಆನೆಯ ತಲೆ, ಸಿಂಹದ ಮೈ. ಅದರ ಪುರಾಣವನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಆದರೆ ಅದನ್ನು ಕಂಡೊಡನೆ ಬಾಣಂತಿ ಕೋಣೆಯ, ಹಬ್ಬದ ಬೆಳಗಿನ ಗಂಧದ ಪರಿಮಳ ಮೂಗಿಗೆ ಬರುತ್ತದೆ. ಆ ಅರ್ಥವನ್ನು ತುಂಬಿದ್ದು ಸೋಪು.

ಹಾಗಾದರೆ ಡಿಸೈನರಿಗೆ ಹಣ ಕೊಡುವುದು ಯಾತಕ್ಕೆ? ನನ್ನ ಉತ್ತರ ಇಷ್ಟು: ಕೇಳಿಸಿಕೊಂಡದ್ದಕ್ಕೆ, ಬಿಟ್ಟದ್ದಕ್ಕೆ. ಗೆರೆ ಎಳೆಯುವುದು ಕೊನೆಯ ಐದು ನಿಮಿಷದ ಕೆಲಸ. ಈಗ ಫೋನಿನಲ್ಲೇ ಹೆಸರು ಒತ್ತಿದರೆ ನಿಮಿಷಕ್ಕೆ ಹತ್ತು ಲೋಗೋ ಬರುತ್ತವೆ, ನೋಡಲು ನುಣುಪಾಗಿಯೂ ಇರುತ್ತವೆ. ಆದರೆ ಆ ಹೆಂಗಸಿನ ಎದುರು ಎರಡು ಮಧ್ಯಾಹ್ನ ಕುಳಿತು ಒರಳಿನ ಮಾತನ್ನು ಹೊರಡಿಸಿದವರಾರು?

ಡೇವಿಡ್ಸನ್ ಅವರ ಬಿಲ್ಲಿನಲ್ಲಿ ನನಗೆ ಕಾಣುವ ಕೊರತೆಯೂ ಅದೇ. ಗಂಟೆಗೆ 2 ಡಾಲರ್ ಎಂಬುದು ಚಾರ್ಟು ಬರೆಯಲು ಗೊತ್ತಾದ ದರ. ಹೊಸದೊಂದನ್ನು ಯೋಚಿಸಿ ಹುಟ್ಟಿಸುವ ಕೆಲಸಕ್ಕೂ ಅದೇ ದರ ಮುಂದುವರಿಯಿತು. ಕೈಯ ಗಂಟೆಗಳನ್ನು ಆಕೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು. ತಲೆಯ ಲೆಕ್ಕಕ್ಕೆ ಬಿಲ್ಲಿನಲ್ಲಿ ಜಾಗವೇ ಇರಲಿಲ್ಲ. 1983ರಲ್ಲಿ ಕಂಪೆನಿ ಆಕೆಯನ್ನು ಕರೆದು ಆ ಗುರುತಿನ ಆಕಾರದ ವಜ್ರದುಂಗುರವನ್ನೂ ಷೇರುಗಳನ್ನೂ ಕೊಟ್ಟಿತು. ಸಂತೋಷವೇ. ಆದರೆ ಉಡುಗೊರೆ ಕೊಡುವವರ ದೊಡ್ಡ ಮನಸ್ಸು, ಕೂಲಿ ದುಡಿದವರ ಹಕ್ಕು. ಒಂದು ಇನ್ನೊಂದರ ಜಾಗದಲ್ಲಿ ಕೂರಲಾರದು.

ನನ್ನ ವಿದ್ಯಾರ್ಥಿನಿ ಬಿಲ್ಲನ್ನು ಅರ್ಧ ಮಾಡಲಿಲ್ಲ, ಬಿಡಿಸಿ ಬರೆದಳು: ಮಾತುಕತೆಗೆ ಇಷ್ಟು, ಅಂಗಡಿ ಸುತ್ತಿದ್ದಕ್ಕೆ ಇಷ್ಟು, ನಮೂನೆಗಳಿಗೆ ಇಷ್ಟು, ಅಕ್ಷರಕ್ಕೆ ಇಷ್ಟು. ಬಿಟ್ಟ ನಮೂನೆಗಳ ಹಾಳೆಗಳನ್ನೂ ಜೊತೆಗಿಟ್ಟಳು. ಆ ಹೆಂಗಸು ಒಂದೊಂದನ್ನೇ ತಿರುವಿ ಹಾಕಿ, "ಇಷ್ಟೆಲ್ಲ ಬರೆದು ಬಿಟ್ಟೆಯಾ ತಾಯಿ" ಎಂದು ಎರಡು ಕಂತಿನಲ್ಲಿ ಪೂರ್ತಿ ಕೊಟ್ಟರು. ಹಿಟ್ಟಿನ ಹದ ಸಿಗುವ ಮುಂಚೆ ಎಷ್ಟು ಹಪ್ಪಳ ಹಾಳಾಗುತ್ತವೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ನಮ್ಮಲ್ಲಿ ರವಿಕೆ ಹೊಲಿಯುವವರಿದ್ದಾರೆ, ಸೀರೆಗೆ ಕುಚ್ಚು ಕಟ್ಟುವವರಿದ್ದಾರೆ, ಮದುವೆ ಮನೆಗೆ ರಂಗೋಲಿ ಹಾಕಿಕೊಡುವವರಿದ್ದಾರೆ. ಬೆಲೆ ಕೇಳಿದರೆ "ಅಯ್ಯೋ, ಇದೇನು ಮಹಾ, ನೀವೇ ನೋಡಿ ಕೊಡಿ" ಎನ್ನುವುದು ನಮಗೆ ರೂಢಿ. ಬಟ್ಟೆ ಹಿಡಿದು ನೋಡಿದ ಹೊತ್ತು, ಮೈಗೆ ಯಾವುದು ಒಪ್ಪೀತು ಎಂದು ಯೋಚಿಸಿದ ಹೊತ್ತು, ಬಿಚ್ಚಿ ಮತ್ತೆ ಹಾಕಿದ ಹೊಲಿಗೆ, ಇವು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಮುಂದೆ ದಾರ, ಗುಂಡಿ, ಲೈನಿಂಗ್ ಎಂದು ಬರೆಯುವ ಚೀಟಿಯಲ್ಲಿ, ಎಲ್ಲಕ್ಕಿಂತ ಮೇಲೆ, "ಯೋಚನೆಗೆ" ಎಂದು ಒಂದು ಸಾಲು ಬರೆದು ಎದುರಿಗೊಂದು ಮೊತ್ತ ಹಾಕಿ. ಮೊದಲ ಸಲ ಕೈ ನಡುಗೀತು. ನಡುಗಲಿ, ಬರೆಯಿರಿ.