ನಲ್ಲಿ ನೀರಿನ ಮೀಟರು: ದರಪಟ್ಟಿ ಮರೆತ ದೋಷಮಿತಿ

ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ತಂತಿಯ ವ್ಯಾಸವನ್ನು ಅಳೆದು, ದೋಷವನ್ನು ನಮೂದಿಸದೆ ಉತ್ತರ ಬರೆದರೆ ನಾವು ಅಂಕ ಕಳೆಯುತ್ತೇವೆ. ಅದೇ ವಿದ್ಯಾರ್ಥಿಯ ಮನೆಗೆ ಪ್ರತಿ ತಿಂಗಳೂ ನೀರಿನ ಬಿಲ್ಲು ಬರುತ್ತದೆ. ಅದರಲ್ಲಿಯೂ ಒಂದು ಅಳತೆ ಇದೆ, ದೋಷದ ಸುಳಿವು ಮಾತ್ರ ಇಲ್ಲ. ನಗರಗಳ ನೀರಿನ ನಿಯಮಗಳನ್ನು ವಿಜ್ಞಾನದ ಶಿಕ್ಷಕರು ಒಮ್ಮೆಯಾದರೂ ಓದಬೇಕು. ಅಲ್ಲಿ ದರಗಳ ಬಗ್ಗೆ ತೋರಿದ ಎಚ್ಚರ ಅಳತೆಯ ಬಗ್ಗೆ ಕಾಣುವುದಿಲ್ಲ.

ಬೆಂಗಳೂರು ಜಲಮಂಡಳಿಯ ದರಪಟ್ಟಿಯನ್ನೇ ನೋಡೋಣ. 2014ರ ನವೆಂಬರ್‌ನಲ್ಲಿ ಗೊತ್ತುಪಡಿಸಿದ ದರಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದವು. 2025ರ ಏಪ್ರಿಲ್‌ನಲ್ಲಿ ಅವು ಏರಿದರೂ ಸ್ಲ್ಯಾಬ್ ಪದ್ಧತಿ ಮುಂದುವರಿಯಿತು. ಲೆಕ್ಕಕ್ಕೆ ಅನುಕೂಲವೆಂದು ಇಲ್ಲಿ 2014ರ ಅಂಕಿಗಳನ್ನೇ ಬಳಸುತ್ತೇನೆ. ಮನೆಗಳಿಗೆ ಮೊದಲ 8 ಕಿಲೋಲೀಟರ್‌ವರೆಗೆ ತಲಾ 7 ರೂ., ಅಲ್ಲಿಂದ 25ರವರೆಗೆ 11 ರೂ., 50ರವರೆಗೆ 26 ರೂ., ಅದರಾಚೆಗೆ 45 ರೂ. ವಾಣಿಜ್ಯ ಬಳಕೆಗೆ ಮೊದಲ 10 ಕಿಲೋಲೀಟರ್‌ಗೆ ತಲಾ 50 ರೂ., 25ರವರೆಗೆ 57 ರೂ. ತಿಂಗಳಿಗೆ 25 ಕಿಲೋಲೀಟರ್ ಬಳಸಿದ ಮನೆಗೆ ನೀರಿನ ಬಾಬ್ತು 243 ರೂ. ಆದರೆ, ಅಷ್ಟೇ ನೀರು ಬಳಸಿದ ಅಂಗಡಿಗೆ 1,355 ರೂ. ಐದೂವರೆ ಪಟ್ಟು ಅಂತರ!

ದರ ಬೇರೆಯಾಗಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪು ಮಾಡಿ ಬೆಂಗಳೂರಿಗೆ ತರಬೇಕು. ಒಂದು ಕಿಲೋಲೀಟರ್ ಎಂದರೆ 1,000 ಕಿಲೋಗ್ರಾಂ ನೀರು. ಅದನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ವಿದ್ಯುತ್ತು. ಪಂಪು ಮತ್ತು ಕೊಳವೆಗಳ ನಷ್ಟ ಸೇರಿದರೆ ಎರಡು ಯೂನಿಟ್ಟಿನ ಹತ್ತಿರ ಹೋಗುತ್ತದೆ. ಇಂಥ ನೀರಿಗೆ ವ್ಯಾಪಾರ ಮಾಡುವವರು ಹೆಚ್ಚು ಕೊಡಲಿ. ನನ್ನ ಪ್ರಶ್ನೆ ಬೇರೆ. ಮೀಟರಿಗೆ ಮನೆ, ಅಂಗಡಿ ಎಂಬ ಭೇದ ತಿಳಿಯದು. ಅದು ಹರಿವಿಗೆ ಮಾತ್ರ ಸ್ಪಂದಿಸುತ್ತದೆ. ಕಟ್ಟಡದ ಉಪಯೋಗ ಯಾವುದು, ಕೊಳವೆಯ ವ್ಯಾಸ ಎಷ್ಟು ಎಂದು ಕೇಳುವ ನಿಯಮಗಳು ನೀರು ಯಾವ ದರದಲ್ಲಿ ಹರಿಯುತ್ತದೆ ಎಂದೂ ಕೇಳಬೇಡವೆ?

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 15 ಮಿಲಿಮೀಟರ್ ಮೀಟರು. ಒಳಗೆ ಒಂದು ಪುಟ್ಟ ಚಕ್ರ, ಅದರ ಸುತ್ತುಗಳನ್ನು ಎಣಿಸುವ ಹಲ್ಲುಗಾಲಿಗಳು. ಚಕ್ರ ತಿರುಗಬೇಕಾದರೆ ಘರ್ಷಣೆಯನ್ನು ಮೀರುವಷ್ಟು ಹರಿವು ಬೇಕು. 1994ರ ಭಾರತೀಯ ಮಾನಕ ಐಎಸ್ 779 ಗೃಹಬಳಕೆಯ ಮೀಟರುಗಳನ್ನು 'ಎ' ಮತ್ತು 'ಬಿ' ವರ್ಗಗಳಾಗಿ ವಿಂಗಡಿಸಿತು. ಉತ್ತಮವಾದ 'ಬಿ' ವರ್ಗದ 15 ಮಿಲಿಮೀಟರ್ ಮೀಟರಿನಲ್ಲಿ ಗಂಟೆಗೆ 120 ಲೀಟರಿಗಿಂತ ಹೆಚ್ಚಿನ ಹರಿವಿಗೆ ದೋಷ ಶೇಕಡಾ 2ರೊಳಗೆ ಇರಬೇಕು. 30ರಿಂದ 120 ಲೀಟರ್ ನಡುವೆ ಶೇಕಡಾ 5ರವರೆಗೆ ಇರಬಹುದು. 30ಕ್ಕಿಂತ ಕೆಳಗೆ? ಅಲ್ಲಿ ಮಾನಕಕ್ಕೆ ಯಾವ ಭರವಸೆಯೂ ಇಲ್ಲ. ಚಕ್ರ ತಿರುಗಿದರೆ ತಿರುಗಿತು, ಇಲ್ಲದಿದ್ದರೆ ಇಲ್ಲ.

ಇದು ಸಣ್ಣ ವಿಷಯವೆಂದು ತೋರಬಹುದು. ದಿನವಿಡೀ ನೀರು ಬರುವ ಊರಿನಲ್ಲಿ ಮೇಲ್ತೊಟ್ಟಿಯ ಫ್ಲೋಟ್ ವಾಲ್ವ್ ಪೂರ್ತಿ ಮುಚ್ಚದೆ ಗಂಟೆಗೆ 10 ಲೀಟರಿನಂತೆ ಸೋರುತ್ತಿದೆ ಎನ್ನಿ. ದಿನಕ್ಕೆ 240 ಲೀಟರ್, ತಿಂಗಳಿಗೆ 7.2 ಕಿಲೋಲೀಟರ್. ಬೆಂಗಳೂರಿನ ಮೊದಲ ಸ್ಲ್ಯಾಬ್ ಬಹುಪಾಲು ಮೀಟರಿನ ಕಣ್ಣು ತಪ್ಪಿಸಿ ಹೋಗಬಹುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಲಯಗಳಲ್ಲಿ 2008ರ ಸುಮಾರಿಗೆ ನಿರಂತರ ಪೂರೈಕೆ ಆರಂಭವಾದಾಗ ಮೀಟರು ಕೆಲಸ ಮಾಡುವ ಸನ್ನಿವೇಶವೇ ಬದಲಾಯಿತು. ಹಿಂದೆ ಕೆಲವು ಗಂಟೆ ರಭಸವಾಗಿ ಹರಿಯುತ್ತಿದ್ದ ನೀರು ಈಗ ಇಡೀ ದಿನ ಸ್ವಲ್ಪಸ್ವಲ್ಪವಾಗಿ ಹರಿಯಬಹುದು. ಇಂಥಲ್ಲಿ ನಷ್ಟ ಪೂರೈಕೆ ಮಾಡುವವರದು.

ಬಿಟ್ಟು ಬಿಟ್ಟು ನೀರು ಬರುವ ಊರಿನಲ್ಲಿ ದೋಷ ತಿರುವುಮುರುವು. ಪೂರೈಕೆ ನಿಂತಾಗ ಕೊಳವೆ ಬರಿದಾಗಿ ಗಾಳಿ ತುಂಬುತ್ತದೆ. ಮತ್ತೆ ನೀರು ಬಿಟ್ಟಾಗ ಆ ಗಾಳಿ ನಮ್ಮ ಮೀಟರುಗಳ ಮೂಲಕವೇ ಹೊರಬೀಳುತ್ತದೆ. ಹಗುರವಾದ ಗಾಳಿ ಚಕ್ರವನ್ನು ತಿರುಗಿಸೀತೆ ಎಂದು ನೀವು ಕೇಳಬಹುದು. ಚಕ್ರವನ್ನು ತಳ್ಳುವ ಬಲ ಸಾಂದ್ರತೆ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಗಾಳಿಯ ಸಾಂದ್ರತೆ ನೀರಿನದರ ಸುಮಾರು 830ರಲ್ಲಿ ಒಂದು ಪಾಲು. ಆದರೆ ಅದೇ ಒತ್ತಡದಲ್ಲಿ ಗಾಳಿ ನೀರಿಗಿಂತ ಸುಮಾರು 29 ಪಟ್ಟು ವೇಗವಾಗಿ ನುಗ್ಗಬಲ್ಲದು. 29ರ ವರ್ಗ 841. ಅಲ್ಲಿಗೆ ಲೆಕ್ಕ ಸರಿಹೋಯಿತು.

ಒಂದು ಗರಿಷ್ಠ ಅಂದಾಜು ಮಾಡೋಣ. 100 ಮಿಲಿಮೀಟರ್ ವ್ಯಾಸದ, ಒಂದು ಕಿಲೋಮೀಟರ್ ಉದ್ದದ ಬೀದಿ ಕೊಳವೆಯ ಗಾತ್ರ ಸುಮಾರು 7.9 ಕಿಲೋಲೀಟರ್. ದಿನ ಬಿಟ್ಟು ದಿನ ನೀರು ಬಂದರೆ ತಿಂಗಳಿಗೆ 15 ಸಲ ಅದು ಬರಿದಾಗಿ ತುಂಬುತ್ತದೆ. ಒಟ್ಟು 118 ಕಿಲೋಲೀಟರ್ ಗಾಳಿ. ನೂರು ಮನೆಗಳಿಗೆ ಹಂಚಿದರೆ ತಲಾ 1.2 ಕಿಲೋಲೀಟರ್. ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದು ಬೇರೆ ಮಾತು. ಎತ್ತರದಲ್ಲಿರುವ, ಕೊಳವೆಯ ತುದಿಯಲ್ಲಿರುವ ಮನೆಗಳ ಪಾಲಿಗೆ ಹೆಚ್ಚು ಗಾಳಿ, ಕಡಿಮೆ ನೀರು.

ಈಗ ಇದನ್ನು ಸ್ಲ್ಯಾಬಿಗೆ ಹಚ್ಚಿ ನೋಡಿ. 25 ಕಿಲೋಲೀಟರ್ ಬಳಸಿದ ಮನೆಯ ಮೀಟರು 26.2 ಎಂದು ತೋರಿಸಿದರೆ ಅಳತೆಯ ದೋಷ ಶೇಕಡಾ 4.8. ಹೆಚ್ಚುವರಿ ಹಣ 26 ರೂ. ದರದಲ್ಲಿ 31.20 ರೂ., ಅಂದರೆ ಬಿಲ್ಲಿನ ಸುಮಾರು ಶೇಕಡಾ 13. ಅದೇ ಮೀಟರು 1.2 ಕಿಲೋಲೀಟರ್ ಕಡಿಮೆ ತೋರಿಸಿದರೆ ಉಳಿಯುವುದು 11 ರೂ. ದರದಲ್ಲಿ 13.20 ರೂ. ಮಾತ್ರ. ಬೀದಿಯ ಅರ್ಧ ಮೀಟರುಗಳು ಅಷ್ಟು ಹೆಚ್ಚು, ಇನ್ನರ್ಧ ಅಷ್ಟೇ ಕಡಿಮೆ ತೋರಿಸುತ್ತಿದ್ದರೆ ಸರಾಸರಿ ದೋಷ ಸೊನ್ನೆ. ಆದರೂ ಸರಾಸರಿ ಬಿಲ್ಲು 9 ರೂ. ಹೆಚ್ಚು! ಸ್ಲ್ಯಾಬಿನ ನಕ್ಷೆ ಮೇಲ್ಮುಖವಾಗಿ ಬಾಗಿರುವುದೇ ಇದಕ್ಕೆ ಕಾರಣ. ಗಣಿತದ ಶಿಕ್ಷಕರು ಇದನ್ನು ನಕ್ಷೆಯ ಹಾಳೆಯ ಮೇಲೆ ಮಾಡಿಸಬಹುದು. ಬಳಕೆಯನ್ನು ಮಿತಗೊಳಿಸಲು ಮಾಡಿದ ಸ್ಲ್ಯಾಬು, ಗಡಿಯಲ್ಲಿರುವ ಮನೆಗಳಿಗೆ ದೋಷವರ್ಧಕವೂ ಆಗುತ್ತದೆ.

ವಾಣಿಜ್ಯ ಕಟ್ಟಡಗಳಲ್ಲಿ ತೊಂದರೆ ಇನ್ನೊಂದು ರೀತಿಯದು. ಕಲ್ಯಾಣ ಮಂಟಪಕ್ಕೆ ಮದುವೆ ದಿನದ ಅಗತ್ಯ ನೋಡಿ 40 ಮಿಲಿಮೀಟರ್ ಮೀಟರು ಹಾಕುತ್ತಾರೆ. 'ಬಿ' ವರ್ಗದ ಇಂಥ ಮೀಟರು ಗಂಟೆಗೆ 200 ಲೀಟರಿಗಿಂತ ಕಡಿಮೆ ಹರಿವನ್ನು ಅಳೆಯುವ ಹೊಣೆ ಹೊರುವುದಿಲ್ಲ. ಆಷಾಢದಲ್ಲಿ ಅಲ್ಲಿ ಇರುವುದು ಕಾವಲುಗಾರನ ಸಂಸಾರ ಮಾತ್ರ! ಸಂಪಿನ ವಾಲ್ವ್ ಅರೆಬರೆ ತೆರೆದು ಸಣ್ಣಗೆ ತುಂಬಿಕೊಳ್ಳುವ ನೀರು ಲೆಕ್ಕಕ್ಕೆ ಸಿಗದೇ ಹೋಗಬಹುದು. ಅತಿ ಹೆಚ್ಚಿನ ದರ ಇರುವ ಕಡೆಯೇ ಅಳತೆ ಒರಟು. 2005ರಲ್ಲಿ ಅಂತರರಾಷ್ಟ್ರೀಯ ಮಾನಕ ಐಎಸ್‌ಓ 4064 ಅಕ್ಷರದ ವರ್ಗಗಳನ್ನು ಕೈಬಿಟ್ಟು, ಮೀಟರು ಅಳೆಯಬಲ್ಲ ದೊಡ್ಡ ಮತ್ತು ಸಣ್ಣ ಹರಿವುಗಳ ಅನುಪಾತವನ್ನೇ ಅದರ ಗುರುತಾಗಿಸಿತು. ನಮ್ಮ ನಿಯಮಗಳೂ ಕೇಳಬೇಕಾದದ್ದು ಇದನ್ನೇ.

ನನಗೆ ಎಲ್ಲಕ್ಕಿಂತ ಅಸಮಾಧಾನ ತರುವ ಅಂಶ ಕಾನೂನಿನದು. ಮೀಟರು ತೋರಿಸಿದ್ದೇ ಬಳಕೆ, ತಪ್ಪೆಂದು ರುಜುವಾತಾಗುವವರೆಗೆ ಅದೇ ಸರಿ ಎಂಬ ಭಾವನೆ ನಮ್ಮ ದೇಶದ ಪೌರ ಕಾನೂನುಗಳಲ್ಲಿ ಸಾಮಾನ್ಯ. ರುಜುವಾತು ಮಾಡುವ ಭಾರ ಉಪಕರಣವಿಲ್ಲದ ಗ್ರಾಹಕನ ಮೇಲೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಕಾಲು ಕಿಲೋ ಬೇಳೆಗೆ ಇರುವ ಈ ರಕ್ಷಣೆ ಇಡೀ ತಿಂಗಳ ನೀರಿಗೆ ಏಕಿಲ್ಲ? ಇಂತಿಷ್ಟು ವರ್ಷಕ್ಕೊಮ್ಮೆ ಮೂರು ಹರಿವುಗಳಲ್ಲಿ ಮೀಟರನ್ನು ಪರೀಕ್ಷಿಸಿ ದಿನಾಂಕವನ್ನು ಬಿಲ್ಲಿನಲ್ಲಿ ಮುದ್ರಿಸುವುದು, ಪೂರೈಕೆ ನಿಲ್ಲುವ ಬೀದಿಗಳಲ್ಲಿ ಗಾಳಿ ಹೊರಬಿಡುವ ವಾಲ್ವ್ ಅಳವಡಿಸುವುದು, ಸ್ಲ್ಯಾಬಿನ ಗಡಿಯಲ್ಲಿ ದೋಷಮಿತಿಯಷ್ಟು ವಿನಾಯಿತಿ ಕೊಡುವುದು, ಇವು ಯಾವುವೂ ಅಸಾಧ್ಯವಲ್ಲ.

ಅಷ್ಟರಲ್ಲಿ ಶಾಲೆಯ ಮೀಟರನ್ನು ನೀವೇ ಪರೀಕ್ಷಿಸಬಹುದು. ಮೀಟರಿನ ನಂತರ, ಸಂಪಿಗೆ ಮುಂಚೆ ಇರುವ ನಲ್ಲಿ ಬೇಕು. 20 ಲೀಟರ್ ಬಕೆಟ್ಟಿನ ಗುರುತನ್ನು ನಂಬದೆ, ನೀರನ್ನು ತೂಗಿ ಹೊಸ ಗುರುತು ಹಾಕಿ. ಮೊದಲು ನಲ್ಲಿಯನ್ನು ಪೂರ್ತಿ ತೆರೆದು, ಆಮೇಲೆ ಅರ್ಧ ತೆರೆದು ಅಳೆಯಿರಿ. ಕೊನೆಗೆ ಗಂಟೆಗೆ 15 ಲೀಟರಿನಷ್ಟು ಸಣ್ಣ ಧಾರೆ ಬಿಡಿ. ಬಕೆಟ್ಟು ತುಂಬಲು 80 ನಿಮಿಷ, ಅಂದರೆ ಎರಡು ಪೀರಿಯಡ್ ಹಿಡಿಯುತ್ತದೆ. ದೊಡ್ಡ ಹರಿವಿಗೆ ಒಂದು ಬಕೆಟ್ಟು ಸಾಲದು. ನಲ್ಲಿ ತೆರೆದು ಮುಚ್ಚುವಾಗಿನ ದೋಷವೇ ಶೇಕಡಾ 2ನ್ನು ಮೀರಬಹುದಾದ್ದರಿಂದ ಕನಿಷ್ಠ ಐದು ಬಕೆಟ್ಟುಗಳನ್ನು ತುಂಬಿಸಿ.