ಡಿಶ್ ಬದಲಾಯಿಸುವವರ ಪಾಡು

ಮಲೆನಾಡಿನ ಒಂಟಿಮನೆಗಳಿಗೆ ಕೇಬಲ್ ಎಳೆಯುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಗುಡ್ಡಗಳಿರುವ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಸೀಮೆಯಲ್ಲಿ ಟಿವಿ ನೋಡಬಯಸುವ ಕುಟುಂಬಕ್ಕೆ ಅಂಗಳದ ಡಿಶ್ಶೇ ಗತಿ. ಆದಕಾರಣ ಪಟ್ಟಣದವರಿಗೆ ಹಲವು ಅನುಕೂಲಗಳಲ್ಲಿ ಒಂದಾದ ಈ ಸೇವೆ ಇಲ್ಲಿಯವರಿಗೆ, ವಿಶೇಷವಾಗಿ ಮಳೆಗಾಲದಲ್ಲಿ ಹೊಸಿಲು ದಾಟಲಾಗದ ವೃದ್ಧರಿಗೆ, ಹೊರಲೋಕದೊಡನೆ ಉಳಿದಿರುವ ನಿತ್ಯಸಂಬಂಧವೇ ಆಗಿದೆ. ಅಂಥದೊಂದು ಮನೆಯಲ್ಲಿ, ಹಳೆಯ ಸಂಸ್ಥೆಯ ದರ ಏರುತ್ತಲೇ ಹೋದದ್ದರಿಂದ ಬೇಸತ್ತು ಹೊಸ ಸಂಸ್ಥೆಯ ಡಿಶ್ಶನ್ನು ಹಾಕಿಸಿಕೊಂಡ ಮೇಲೆ ನಾವು ಕಂಡುಂಡದ್ದನ್ನು ಆಧಾರವಾಗಿಟ್ಟುಕೊಂಡು, ಈ ಬದಲಾವಣೆಯ ಪದ್ಧತಿಯ ಗುಣದೋಷಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಸಂಸ್ಥೆಗಳ ಹೆಸರು ಇಲ್ಲಿ ಅಪ್ರಸ್ತುತ. ಪ್ರೇಕ್ಷಕನ ಆಯ್ಕೆಯ ಹಕ್ಕನ್ನು ಮಾತಿನಲ್ಲಿ ಒಪ್ಪಿಕೊಂಡು ಯಂತ್ರದಲ್ಲಿ ನಿರಾಕರಿಸುವ ವ್ಯವಸ್ಥೆಯೇ ಇಲ್ಲಿ ವಿಮರ್ಶೆಗೆ ವಸ್ತು.

ಗುಣಪಕ್ಷವನ್ನು ಮೊದಲು ಹೇಳುವುದು ನ್ಯಾಯ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ಮೇಲಿನ ವರ್ಷಗಳಲ್ಲಿ, ಘಟ್ಟದ ಮನೆಗಳವರು ಉದ್ದನೆಯ ಬಿದಿರಿನ ತುದಿಗೆ ಆಂಟೆನಾ ಕಟ್ಟಿ, ಗಾಳಿ ಬೀಸಿದಾಗಲೆಲ್ಲ ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಪರದೆಯ ಮೇಲಿನ ಚುಕ್ಕಿಗಳ ನಡುವೆ ಮನುಷ್ಯರ ಮುಖಗಳನ್ನು ಹುಡುಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 2003ರಲ್ಲಿ ಖಾಸಗಿ ಡಿಟಿಎಚ್ ಸೇವೆ ಭಾರತದಲ್ಲಿ ಮೊದಲಾಗಿ, ಕ್ರಮೇಣ ಹಳ್ಳಿಗಳಿಗೂ ಬಂದಾಗ, ರಾಜಧಾನಿಯ ಮಹಡಿಮನೆಗೆ ಎಷ್ಟು ಸ್ಪಷ್ಟವಾದ ಚಿತ್ರವೋ ಕಾಡಿನ ಅಂಚಿನ ಹೆಂಚಿನ ಮನೆಗೂ ಅಷ್ಟೇ ಸ್ಪಷ್ಟವಾದ ಚಿತ್ರ ದೊರಕಿತು; ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಆ ಹಳೆಯ ಆಂಟೆನಾಕ್ಕೆ ಇದ್ದ ಒಂದು ಗುಣ ಈ ಹೊಸ ಡಿಶ್ಶಿಗೆ ಇಲ್ಲ. ಅದು ಸಂಪೂರ್ಣವಾಗಿ ಮನೆಯವರ ಸ್ವತ್ತಾಗಿತ್ತು. ಯಾವ ಸಂಸ್ಥೆಯ ಅಪ್ಪಣೆಯನ್ನೂ ಕಾಯದೆ ತನ್ನ ಕೆಲಸವನ್ನು ತಾನು ಮಾಡುತ್ತಿತ್ತು.

ಸಂಸ್ಥೆಯನ್ನು ಬದಲಾಯಿಸುವುದೆಂದರೆ ಇಲ್ಲಿ ಆಕಾಶದ ಬೇರೊಂದು ಬಿಂದುವಿಗೆ ಮುಖ ತಿರುಗಿಸುವುದು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹಗಳು ಎಲ್ಲ ಸಂಸ್ಥೆಗಳಿಗೂ ಸಮಾನವಲ್ಲ. ಒಬ್ಬರದು 83 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕಿದ್ದರೆ, ಇನ್ನೊಬ್ಬರದು 95ರಲ್ಲಿ, ಮತ್ತೊಬ್ಬರದು 108ರಲ್ಲಿ ಇರುತ್ತದೆ. ಉಪಗ್ರಹ ಪೂರ್ವಕ್ಕೆ ಸರಿದಷ್ಟೂ ನಮ್ಮ ಡಿಶ್ಶಿನ ದೃಷ್ಟಿ ಬಾಗಬೇಕು: ಮಲೆನಾಡಿನ ಅಂಗಳದಿಂದ ಮೊದಲನೆಯದು ದಿಗಂತದ ಮೇಲೆ ಸುಮಾರು 70 ಡಿಗ್ರಿ ಎತ್ತರದಲ್ಲಿದ್ದರೆ ಕೊನೆಯದು 50ರ ಆಸುಪಾಸಿನಲ್ಲಿ ಇರುತ್ತದೆ. ಬಯಲುಸೀಮೆಯಲ್ಲಿ ಇದು ಗಮನಕ್ಕೂ ಬಾರದ ವ್ಯತ್ಯಾಸ. ಅಂಗಳದ ಅಂಚಿಗೇ ಅಡಿಕೆ ತೋಟವಿರುವಲ್ಲಿ, ಹಳೆಯ ಡಿಶ್ ತಲೆಯೆತ್ತಿ ನೋಡುತ್ತಿದ್ದಾಗ ಅಡ್ಡಬಾರದಿದ್ದ ಮರಗಳ ಸೋಗೆ ಹೊಸ ಡಿಶ್ಶಿನ ನೇರಕ್ಕೆ ಬಂದು ನಿಲ್ಲುತ್ತದೆ. ಪೇಟೆಯಿಂದ ಬಂದ ಹುಡುಗ ಕಂಬವನ್ನು ಒಂದು ಕಡೆ ಹುಗಿದು, ಕಿತ್ತು, ಇನ್ನೊಂದು ಕಡೆ ಹುಗಿದು, ‘ಅಮ್ಮಾ, ಕ್ವಾಲಿಟಿ ಎಷ್ಟು ತೋರಿಸ್ತಿದೆ?’ ಎಂದು ಅಂಗಳದಿಂದ ಕೂಗುವುದೂ, ‘ನಲವತ್ತಕ್ಕೆ ಬಂತು, ಮತ್ತೆ ಹೋಯ್ತು ಮಾರಾಯ’ ಎಂದು ನಮ್ಮ ತಾಯಿಯವರು ಟಿವಿಯ ಮುಂದೆ ಕುಳಿತು ಉತ್ತರಿಸುವುದೂ ಮಧ್ಯಾಹ್ನವೆಲ್ಲ ನಡೆಯಿತು. ಆ ಹುಡುಗನ ಶ್ರದ್ಧೆಯಲ್ಲಿ ಲೋಪವಿರಲಿಲ್ಲ. ಫೋನಿನಲ್ಲಿ ಸಂಪರ್ಕವನ್ನು ಮಾರಿದವರು ಮಾತ್ರ ಮನೆಯ ಮುಂದೆ ಮರಗಳಿವೆಯೇ ಎಂಬ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆಷಾಢದ ಜಡಿಮಳೆಯಲ್ಲಿ ಚಿತ್ರ ನಿಂತುಹೋಗುವುದು ಈ ತರಂಗಗಳ ಸಹಜ ದೌರ್ಬಲ್ಯವಾದುದರಿಂದ ಅದಕ್ಕಾಗಿ ಯಾರನ್ನೂ ದೂರಬೇಕಿಲ್ಲ. ಆದರೆ ಮಳೆ ನಾಡಿನ ಗಿರಾಕಿಗೆ ಅದನ್ನು ಮುಂಚಿತವಾಗಿ ತಿಳಿಸುವುದು ಮಾರುವವರ ಧರ್ಮ.

ಡಿಶ್ಶಿಗಿಂತ ದೊಡ್ಡ ತೊಡಕು ಸೆಟ್‌ಟಾಪ್ ಬಾಕ್ಸಿನದು. ಪ್ರತಿಯೊಂದು ಸಂಸ್ಥೆಯೂ ತನ್ನ ವಾಹಿನಿಗಳನ್ನು ತನ್ನದೇ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಅದನ್ನು ಬಿಡಿಸಿ ಓದುವ ಶಕ್ತಿ ಆ ಸಂಸ್ಥೆಯ ಬಾಕ್ಸಿಗೂ ಕಾರ್ಡಿಗೂ ಮಾತ್ರ ಉಂಟು. ಹೀಗಾಗಿ ನಾವು ಹಣ ಕೊಟ್ಟು ತಂದ, ಎಲ್ಲಿಯೂ ಕೆಡದ, ಇನ್ನೂ ಹಲವು ವರ್ಷ ಬಾಳಬಹುದಾದ ಹಳೆಯ ಬಾಕ್ಸು, ಸಂಸ್ಥೆಯನ್ನು ಬಿಟ್ಟ ದಿನವೇ ನಿರುಪಯೋಗಿಯಾಗಿ ಅಟ್ಟವನ್ನು ಸೇರಿತು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವ ಅವಕಾಶ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಅಲ್ಲಿ ಫೋನೂ ನಮ್ಮದು, ಸಂಖ್ಯೆಯೂ ನಮ್ಮದು, ಬದಲಾಗುವುದು ಸೇವೆ ಮಾತ್ರ. ಟಿವಿಗೂ ಅದೇ ನ್ಯಾಯ ಸಲ್ಲಬೇಕೆಂಬುದು ಹೊಸ ಬೇಡಿಕೆಯೇನಲ್ಲ. ಡಿಟಿಎಚ್‌ಗೆ ಸರ್ಕಾರ 2001ರಲ್ಲಿ ನಿಬಂಧನೆಗಳನ್ನು ರೂಪಿಸಿದಾಗಲೇ, ಒಂದು ಸಂಸ್ಥೆಯ ಬಾಕ್ಸು ಇನ್ನೊಂದರಲ್ಲಿಯೂ ಕೆಲಸ ಮಾಡುವಂತಿರಬೇಕೆಂಬ ಆಶಯವನ್ನು ಅದರಲ್ಲಿ ಸೇರಿಸಿತ್ತು. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಎಲ್ಲ ಬಾಕ್ಸುಗಳಿಗೂ ಆ ಸಾಮರ್ಥ್ಯ ಕಡ್ಡಾಯವಾಗಬೇಕೆಂದು ಮತ್ತೆ ಶಿಫಾರಸು ಮಾಡಿತು. ಆ ಮಾತು ಇನ್ನೂ ನಮ್ಮ ಮನೆಗಳಿಗೆ ಇಳಿದು ಬಂದಿಲ್ಲ.

ದರದ ವಿಷಯದಲ್ಲಿಯೂ ಸದುದ್ದೇಶಕ್ಕೂ ಫಲಕ್ಕೂ ನಡುವೆ ಇದೇ ಅಂತರ. ನೋಡುವ ವಾಹಿನಿಗಳಿಗೆ ಮಾತ್ರ ಹಣ ಕೊಡಬೇಕೆಂಬ ತತ್ತ್ವದ ಮೇಲೆ ಟ್ರಾಯ್ ರೂಪಿಸಿದ ಹೊಸ ವ್ಯವಸ್ಥೆ 2019ರ ಫೆಬ್ರವರಿ 1ರಿಂದ ಬಳಕೆಗೆ ಬಂತು. ಮೊದಲ 100 ವಾಹಿನಿಗಳ ಸಂಪರ್ಕಕ್ಕೆ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಅದರ ಮೇಲೆ ಬೇಕಾದ ವಾಹಿನಿಗಳ ಬೆಲೆ ಎಂಬುದು ಆಗಿನ ಕ್ರಮ. ಆ 130ರ ಮಿತಿಯನ್ನು 2024ರ ಜುಲೈಯಲ್ಲಿ ತೆಗೆದುಹಾಕಿ, ಶುಲ್ಕವನ್ನು ಸಂಸ್ಥೆಗಳ ವಿವೇಚನೆಗೇ ಬಿಡಲಾಯಿತು. ತತ್ತ್ವ ನಿರ್ದುಷ್ಟವಾದದ್ದು; ಆದರೆ ನಾಲ್ಕು ಕನ್ನಡ ವಾಹಿನಿಗಳನ್ನು ಬಿಡಿಯಾಗಿ ಆರಿಸಿಕೊಳ್ಳಬಯಸುವವರಿಗೆ ಬಿಡಿ ಬೆಲೆಗಳ ಪಟ್ಟಿ ಆ್ಯಪಿನ ಒಳಪುಟಗಳಲ್ಲಿ ಎಲ್ಲಿಯೋ ಇದ್ದು, ನೂರಾರು ವಾಹಿನಿಗಳ ಪ್ಯಾಕುಗಳು ಮೊದಲ ಪುಟದಲ್ಲಿಯೇ ಕಣ್ಣು ಕುಕ್ಕುವಂತೆ ನಿಂತಿರುವಾಗ, ಆಯ್ಕೆ ನಾಮಮಾತ್ರಕ್ಕೆ ಉಳಿಯುತ್ತದೆ. ಹೊಸ ಸಂಸ್ಥೆಯವರು ಹೇಳಿದ ಆರಂಭದ ಅಗ್ಗದ ದರ ಕೆಲವು ತಿಂಗಳಿಗಷ್ಟೇ ಎಂಬುದು ಮುಂದಿನ ರೀಚಾರ್ಜಿನ ಹೊತ್ತಿಗೆ ತಿಳಿಯಿತು. ಹಳೆಯ ಸಂಸ್ಥೆಯಲ್ಲಿ ಉಳಿದಿದ್ದ ಮುಂಗಡ ಹಣವಂತೂ ವಿಚಾರಿಸಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರದಲ್ಲಿಯೇ ನಿಂತಿತು.

ಇವೆಲ್ಲವೂ ಹಣದ ಲೆಕ್ಕ. ಬಳಕೆಯ ಕಷ್ಟ ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನಾಟುವಂಥದು. ನಮ್ಮ ತಾಯಿಯವರು ವಾಹಿನಿಗಳನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಬಲ್ಲವರು. ಬೆಳಗಿನ ಭಜನೆಗೆ ಒಂದು ಸಂಖ್ಯೆ, ಸಂಜೆಯ ವಾರ್ತೆಗೆ ಒಂದು, ರಾತ್ರಿಯ ಧಾರಾವಾಹಿಗೆ ಇನ್ನೊಂದು ಎಂದು ವರ್ಷಗಳಿಂದ ಬೆರಳಿಗೆ ರೂಢಿಯಾಗಿದ್ದುದೆಲ್ಲ ಹೊಸ ಬಾಕ್ಸು ಬಂದ ಸಂಜೆಯೇ ವ್ಯರ್ಥವಾಯಿತು. ಗುಂಡಿ ಒತ್ತಿದೊಡನೆ ಬರುವುದು ಹಿಂದಿನ ರಾತ್ರಿ ನೋಡುತ್ತಿದ್ದ ವಾಹಿನಿಯಲ್ಲ, ಸಂಸ್ಥೆ ತಾನಾಗಿ ಆರಿಸಿಟ್ಟ ಯಾವುದೋ ಒಂದು. ಅಲ್ಲಿಂದ ಕನ್ನಡಕ್ಕೆ ಹೋಗಬೇಕಾದರೆ ಇಂಗ್ಲಿಷಿನಲ್ಲಿ ಬರೆದ ಪಟ್ಟಿಗಳನ್ನು ದಾಟಬೇಕು. ಸಹಾಯವಾಣಿಗೆ ಕರೆಮಾಡಿ ಕನ್ನಡದ ಗುಂಡಿಯನ್ನೇ ಒತ್ತಿದರೂ ಕೊನೆಗೆ ಹಿಂದಿಯಲ್ಲಿ ಮಾತನಾಡುವವರೇ ದೊರೆತರೆ, ಎಪ್ಪತ್ತು ದಾಟಿದ ಹೆಂಗಸು ತನ್ನ ತೊಂದರೆಯನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಪಕ್ಕದ ಮನೆಯ ಹುಡುಗ ಬಂದು ತೋರಿಸಿಕೊಡುವವರೆಗೆ ಆಕೆ ಟಿವಿ ಹಾಕುವುದನ್ನೇ ಬಿಟ್ಟಿದ್ದರು. ಒಂದು ಸೇವೆಯ ವಿಷಯದಲ್ಲಿ ಇದಕ್ಕಿಂತ ಕಠಿಣವಾದ ವಿಮರ್ಶೆ ಬೇರೊಂದಿಲ್ಲ.

ಸಂಸ್ಥೆಗಳ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಬಾಕ್ಸನ್ನು ಅಸಲಿಗಿಂತ ಕಡಿಮೆಗೆ ಕೊಟ್ಟು, ಆ ನಷ್ಟವನ್ನು ತಿಂಗಳ ಚಂದಾದಿಂದ ತುಂಬಿಕೊಳ್ಳುವುದು ಅವರ ವ್ಯಾಪಾರದ ಕ್ರಮ. ಎಲ್ಲರ ಬಾಕ್ಸೂ ಎಲ್ಲೆಡೆ ನಡೆಯುವಂತಾದರೆ ಬಾಕ್ಸಿನ ಬೆಲೆ ಏರುತ್ತದೆ, ಗೂಢಲಿಪಿಯ ಭದ್ರತೆ ಸಡಿಲಗೊಂಡು ಕಳ್ಳ ಪ್ರಸಾರಕ್ಕೆ ದಾರಿಯಾಗುತ್ತದೆ ಎಂಬುದು ಅವರ ಆಕ್ಷೇಪ. ಈ ಭಯ ಸರ್ವಥಾ ನಿರಾಧಾರವೆನ್ನಲಾಗದು. ಆದರೆ ಬೆಲೆ ಏರಿದರೂ ಒಮ್ಮೆ ಕೊಂಡ ಬಾಕ್ಸು ನಮ್ಮ ಬಳಿಯೇ ಬಾಳುವುದಾದರೆ, ಸಂಸ್ಥೆ ಬದಲಾದಾಗಲೆಲ್ಲ ಹೊಸದನ್ನು ಕೊಳ್ಳುವುದಕ್ಕಿಂತ ಅದು ಅಗ್ಗವೇ ಆದೀತು. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಇದಕ್ಕೆ ಒಂದು ಮಟ್ಟಿಗೆ ನಿದರ್ಶನ: ಅಂಗಡಿಯಲ್ಲಿ ಕೊಂಡ ಬಾಕ್ಸು, ತಿಂಗಳ ಶುಲ್ಕವಿಲ್ಲ, ಚಂದನ ವಾಹಿನಿ ಮನೆಗೆ ಬರುತ್ತದೆ. ಜನ ಬಯಸುವ ಖಾಸಗಿ ಕನ್ನಡ ವಾಹಿನಿಗಳೆಲ್ಲ ಅಲ್ಲಿ ಸಿಗುವುದಿಲ್ಲವೆಂಬುದರಿಂದಲೇ ಹೆಚ್ಚಿನ ಮನೆಗಳು ಹಣ ತೆರುವ ಸೇವೆಯ ಕಡೆಗೆ ತಿರುಗಬೇಕಾಗಿದೆ.

ಹೀಗೆ ಗುಣದೋಷಗಳೆರಡನ್ನೂ ತೂಗಿ ನೋಡಿದಾಗ ನಾನು ಬಂದಿರುವ ತೀರ್ಮಾನವಿದು: ಚಿತ್ರದ ಸ್ಪಷ್ಟತೆಯಲ್ಲಿ ಈ ಸೇವೆ ಉತ್ತಮವಾಗಿದೆ, ಗಿರಾಕಿಯ ಸ್ವಾತಂತ್ರ್ಯದ ವಿಷಯದಲ್ಲಿ ಅದು ತೀರ ಹಿಂದುಳಿದಿದೆ. ಬಾಕ್ಸು ಎಲ್ಲ ಸಂಸ್ಥೆಗಳಿಗೂ ಸಾಮಾನ್ಯವಾಗಬೇಕೆಂಬ ನಿಯಮಕ್ಕೆ ಕೇಂದ್ರ ಸರ್ಕಾರ ನಿಶ್ಚಿತವಾದ ಒಂದು ದಿನಾಂಕವನ್ನು ಕಟ್ಟಬೇಕು. ಬಿಟ್ಟುಹೋಗುವವರ ಮುಂಗಡ ಗೊತ್ತಾದ ಅವಧಿಯೊಳಗೆ ಹಿಂದಿರುಗಬೇಕು. ಕರ್ನಾಟಕದಲ್ಲಿ ಮಾರುವ ಬಾಕ್ಸಿನ ಪಟ್ಟಿಗಳು ಕನ್ನಡದಲ್ಲಿರಬೇಕು, ಸಹಾಯವಾಣಿಯಲ್ಲಿ ಕನ್ನಡ ಬಲ್ಲವರು ಸಿಗಲೇಬೇಕು. ಅಲ್ಲಿಯವರೆಗೆ, ಸಂಸ್ಥೆಯನ್ನು ಬದಲಾಯಿಸಹೊರಟ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಮೊದಲ ತಿಂಗಳ ದರವನ್ನಲ್ಲ, ಆರನೆಯ ತಿಂಗಳ ದರವನ್ನು ಕೇಳಿ, ಡಿಶ್ ಯಾವ ದಿಕ್ಕಿಗೆ ಮುಖ ಮಾಡುತ್ತದೆಂದು ಅಂಗಳದಲ್ಲಿ ನಿಂತು ನೋಡಿದ ಮೇಲೆ ಒಪ್ಪಿಕೊಳ್ಳಿ, ಹಳೆಯ ಖಾತೆಯ ಹಣ ಪೂರ್ತಿ ಮುಗಿದ ಬಳಿಕವೇ ಹೊಸ ಸಂಪರ್ಕಕ್ಕೆ ಮುಂಗಡ ಕೊಡಿ.